ಪರವಾನಗಿಯ ಬೆಲೆ: ಹಲಗಲಿ, ಕೊಡಗು ಮತ್ತು ಥಾಣೆಯ ಕನ್ನಡಿಗರು

ಡೊಂಬಿವಲಿಯಲ್ಲಿ ಬಹುಕಾಲದಿಂದ ಹೋಟೆಲು ನಡೆಸುತ್ತಿರುವ, ಕರಾವಳಿ ಮೂಲದ ನಮ್ಮ ಪರಿಚಿತರೊಬ್ಬರು ಕೆಲಕಾಲದ ಹಿಂದೆ ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಟ್ಟರು. ರಾತ್ರಿ ಹನ್ನೆರಡರ ಮೇಲೆ ದಿನದ ಗಲ್ಲೆಯ ಹಣವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೋಗುವ ತಮ್ಮಂಥವರು ಕಾನೂನಿನಂತೆ ಒಂದು ರಿವಾಲ್ವರ್ ಇಟ್ಟುಕೊಳ್ಳಬಹುದಲ್ಲವೇ, ಇಟ್ಟುಕೊಂಡರೆ ಅದಕ್ಕಾಗಿ ಪಡುವ ಪಾಡಿಗೆ ತಕ್ಕ ಪ್ರಯೋಜನವುಂಟೇ ಎಂಬುದು ಅವರ ಪ್ರಶ್ನೆ. ಚರಿತ್ರೆಯನ್ನು ಓದುವವರನ್ನು ಕೇಳತಕ್ಕ ಮಾತು ಇದಲ್ಲವೆಂದು ಆಗ ನಾವು ನಕ್ಕುಬಿಟ್ಟೆವು. ಬಳಿಕ ಯೋಚಿಸಿದಾಗ, ಇದು ಚರಿತ್ರೆಯವರನ್ನೇ ಕೇಳಬೇಕಾದ ಮಾತು ಎನ್ನಿಸಿತು. ಆಯುಧ ಇಟ್ಟುಕೊಳ್ಳಲು ಅಪ್ಪಣೆ ಬೇಕೆಂಬ ವ್ಯವಸ್ಥೆ ನಮ್ಮ ದೇಶದಲ್ಲಿ ನೆಲೆಗೊಂಡದ್ದು 1857ರಿಂದೀಚೆಗೆ. ಅದನ್ನು ಪ್ರಾಣ ಕೊಟ್ಟು ಎದುರಿಸಿದ ಒಂದು ಊರೂ, ಅದರಿಂದ ಇಂದಿಗೂ ವಿನಾಯಿತಿ ಪಡೆದಿರುವ ಒಂದು ನಾಡೂ ಕನ್ನಡ ಸೀಮೆಯಲ್ಲಿಯೇ ಇವೆ. ಹೊರನಾಡಿನ ಸಂಶೋಧಕರು ಈ ಎರಡನ್ನೂ ಬೇರೆಬೇರೆಯಾಗಿ ಬಲ್ಲರು. ಒಟ್ಟಿಗಿಟ್ಟು ನೋಡಿದ್ದು ಕಡಿಮೆ.

ಥಾಣೆಗೂ ಕನ್ನಡಕ್ಕೂ ಇರುವ ನಂಟು ಹಳೆಯದು. ಶ್ರೀಸ್ಥಾನಕದ ಶಿಲಾಹಾರರ ಶಾಸನಗಳಲ್ಲಿ ಕನ್ನಡ ಬಿರುದುಗಳು ಕಾಣುವುದನ್ನು ಶಾಸನಜ್ಞರು ಗುರುತಿಸಿದ್ದಾರೆ. ಆ ನಂಟು ಪ್ರಸ್ತುತ ಲೇಖನದ ವಿಷಯವಲ್ಲ. ನಮಗೆ ಮುಖ್ಯವಾದುದು ಆಡಳಿತದ ನಂಟು. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಥಾಣೆಯೊಡನೆ ಒಂದೇ ಮುಂಬಯಿ ಆಡಳಿತಕ್ಕೆ ಸೇರಿದ್ದುವು. ಕೃಷ್ಣೆ ಘಟಪ್ರಭೆಗಳ ಬಯಲಿನಲ್ಲಿ ಆಯುಧಗಳನ್ನು ಕಸಿದ ಸರಕಾರವೂ ಥಾಣೆಯ ಖಾಡಿಯ ದಂಡೆಯನ್ನಾಳಿದ ಸರಕಾರವೂ ಒಂದೇ ಆಗಿತ್ತು.

1857ರ ಸೆಪ್ಟೆಂಬರಿನಲ್ಲಿ, ಉತ್ತರ ಹಿಂದೂಸ್ಥಾನದಲ್ಲಿ ದಂಗೆ ಇನ್ನೂ ಆರದಿದ್ದಾಗ, ಆ ವರ್ಷದ 28ನೆಯ ಕಾಯಿದೆ ಜಾರಿಗೆ ಬಂದಿತು. ಆಯುಧಗಳನ್ನು ತಯಾರಿಸುವುದು, ಮಾರುವುದು, ಇಟ್ಟುಕೊಳ್ಳುವುದು ಎಲ್ಲವೂ ಸರಕಾರದ ಅನುಮತಿಗೆ ಒಳಪಟ್ಟವು. ಕನ್ನಡದಲ್ಲಿ ಇದು ನಿಃಶಸ್ತ್ರೀಕರಣ ಕಾಯಿದೆಯೆಂದು ಹೆಸರಾಗಿದೆ. ಮುಧೋಳ ಸಂಸ್ಥಾನದ ಹಲಗಲಿ (ಈಗ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕು) ಬೇಡರ ಊರು. ಬೇಟೆ ಅವರ ಕಸುಬು. ಹತಾರವೆಂದರೆ ಮನೆಯ ಮಗನಿದ್ದಂತೆ. ಅದನ್ನು ತಂದೊಪ್ಪಿಸಬೇಕೆಂಬ ಆಜ್ಞೆಯನ್ನು ಅವರು ಒಪ್ಪಲಿಲ್ಲ. ಜಡಗ, ಬಾಲ, ಹನುಮ, ರಾಮ ಎಂಬವರು ಮುಂದಾಳುಗಳಾಗಿ ನಿಂತರು. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಸೈನ್ಯ ಊರನ್ನು ಮುತ್ತಿ ಬೆಂಕಿಯಿಟ್ಟಿತು. ಹೋರಾಟದಲ್ಲಿ ಸತ್ತವರಲ್ಲದೆ, ಸೆರೆ ಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಮರುವರ್ಷ ಬಂಡೆದ್ದ ನರಗುಂದದ ಬಾಬಾಸಾಹೇಬನಿಗೆ ದತ್ತಕದ ನಿರಾಕರಣೆ ಮುಖ್ಯ ಕಾರಣವಾಗಿತ್ತಾದರೂ, ಆಯುಧಗಳನ್ನು ಒಪ್ಪಿಸಬೇಕೆಂಬ ಒತ್ತಾಯವೂ ಅಲ್ಲಿ ಸೇರಿಕೊಂಡಿತ್ತು.

ಹಲಗಲಿಯ ನೆನಪನ್ನು ಉಳಿಸಿದ್ದು ಸರಕಾರಿ ಕಾಗದಗಳಿಗಿಂತ ಹೆಚ್ಚಾಗಿ ಲಾವಣಿ. ಜೆ.ಎಫ್. ಫ್ಲೀಟರು ಅದನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಮುಂಬಯಿ ಸರಕಾರದ ಸೇವೆಯಲ್ಲಿದ್ದ ಒಬ್ಬ ಅಧಿಕಾರಿಯೇ ಆ ಸರಕಾರದ ಸೇನೆ ಸುಟ್ಟ ಊರಿನ ಹಾಡನ್ನು ಕಾಪಾಡಿದ್ದು ವಿದ್ವತ್ತಿನ ಚರಿತ್ರೆಯ ಒಂದು ವಿಚಿತ್ರ. ಹಲಗಲಿಯ ಪ್ರಕರಣವನ್ನು ಸ್ವಾತಂತ್ರ್ಯ ಸಂಗ್ರಾಮದ ಅಧ್ಯಾಯವಾಗಿ ಓದುವ ಪದ್ಧತಿ ನಮ್ಮಲ್ಲಿ ಬೇರೂರಿದೆ, ಅದು ತಪ್ಪಲ್ಲ. ಆದರೆ ಬೇಡರ ಜಗಳ ಶುರುವಾದದ್ದು ಅದಕ್ಕಿಂತ ಕಿರಿದಾದ, ಸ್ಪಷ್ಟವಾದ ಒಂದು ಸಂಗತಿಯಿಂದ. ನಿನ್ನೆಯವರೆಗೆ ಯಾರನ್ನೂ ಕೇಳದೆ ಹಿಡಿದಿದ್ದ ಆಯುಧವನ್ನು ಇಂದಿನಿಂದ ಕೇಳಿ ಹಿಡಿಯಬೇಕು ಎಂದಾಗ, ಕೇಳುವವನ ಸ್ಥಾನವೇ ಬದಲಾಗುತ್ತದೆ. ಅದನ್ನು ಬೇಡರು ಸರಿಯಾಗಿಯೇ ಅರಿತುಕೊಂಡರು.

ಕೊಡಗಿನ ಕಥೆ ಇದಕ್ಕೆ ತದ್ವಿರುದ್ಧ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿ ಸರಕಾರ ಕೊಡಗನ್ನು ವಶಪಡಿಸಿಕೊಂಡಿತು. 1837ರಲ್ಲಿ ಸುಳ್ಯ ಸೀಮೆಯಿಂದೆದ್ದು ಮಂಗಳೂರಿನವರೆಗೆ ಹಬ್ಬಿದ, ತುಳುನಾಡಿನಲ್ಲಿ ಕಲ್ಯಾಣಪ್ಪನ ಕಾಟಕಾಯಿ ಎಂದು ಹೆಸರಾದ ಬಂಡಾಯವನ್ನು ಅಡಗಿಸುವಲ್ಲಿ ಕೊಡಗಿನ ಮುಖಂಡರಲ್ಲಿ ಹಲವರು ಸರಕಾರದ ಪಕ್ಷವನ್ನು ಹಿಡಿದರು. ಅವರಿಗೆ ಪದಕಗಳೂ ದೊರೆತವು. 1857ರಲ್ಲಿಯೂ ಕೊಡಗು ಶಾಂತವಾಗಿತ್ತು. ಇದರ ಫಲವಾಗಿ 1861ರಲ್ಲಿ, ಮೈಸೂರು ಮತ್ತು ಕೊಡಗಿನ ಆಡಳಿತದ ಹೊಣೆ ಹೊತ್ತಿದ್ದ ಮಾರ್ಕ್ ಕಬ್ಬನ್, ಕೊಡವರನ್ನು ನಿಃಶಸ್ತ್ರೀಕರಣದಿಂದ ಹೊರಗಿಡುವ ಆಜ್ಞೆ ಹೊರಡಿಸಿದ. ಹಲಗಲಿಯಲ್ಲಿ ಗಲ್ಲಿನ ಕಂಬ ನೆಟ್ಟು ನಾಲ್ಕು ವರ್ಷ ತುಂಬುವ ಮುನ್ನವೇ ಇದು ನಡೆಯಿತು.

ಕೊಡವರ ಬದುಕಿನಲ್ಲಿ ಕೋವಿಗಿರುವ ಸ್ಥಾನ ಈ ಆಜ್ಞೆಯಿಂದ ಹುಟ್ಟಿದ್ದಲ್ಲ. ಆಜ್ಞೆ ಅದನ್ನು ಹಾಗೆಯೇ ಉಳಿಯಗೊಟ್ಟಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಪುತ್ತರಿಯಲ್ಲಿ ಹೊಸ ಕದಿರು ಕೊಯ್ಯುವಾಗ ಮತ್ತೆ ಗುಂಡಿನ ಸದ್ದು. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದಲ್ಲಿ, ನಾಟಿಯ ಕೆಲಸ ಮುಗಿದು ಬೇಟೆಯ ದಿನಗಳು ಬರುವ ಹೊತ್ತಿಗೆ, ಆಯುಧಗಳನ್ನು ನೆಲ್ಲಕ್ಕಿ ಬಾಡೆಯಲ್ಲಿಟ್ಟು ಪೂಜಿಸುತ್ತಾರೆ. ಕೋವಿಯ ನಳಿಗೆಗೆ ಏರಿಸುವ ಹೂವಿಗೆ ಕೊಡವ ನುಡಿಯಲ್ಲಿ ತೋಕ್ ಪೂ, ಅಂದರೆ ಕೋವಿಯ ಹೂವು, ಎಂದೇ ಹೆಸರು. ಕೋವಿ ಅಲ್ಲಿ ಒಬ್ಬ ವ್ಯಕ್ತಿಯ ಸೊತ್ತೆನ್ನುವುದಕ್ಕಿಂತ ಐನ್‌ಮನೆಯ ಸೊತ್ತು. ಅದನ್ನು ಇಟ್ಟುಕೊಂಡರೆ ಏನು ಪ್ರಯೋಜನ ಎಂದು ಯಾರೂ ಲೆಕ್ಕ ಹಾಕುವುದಿಲ್ಲ.

ಈ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಮುಂದುವರಿಯಿತು. ಕೊಡವ ಕುಲದವರಿಗೂ ಜಮ್ಮಾ ಹಿಡುವಳಿದಾರರಿಗೂ, ಎಂದರೆ ಸೈನಿಕ ಸೇವೆಗಾಗಿ ರಾಜರ ಕಾಲದಲ್ಲಿ ವಂಶಪಾರಂಪರ್ಯವಾಗಿ ಭೂಮಿ ಪಡೆದವರಿಗೂ (ಇವರಲ್ಲಿ ಬೇರೆ ಸಮುದಾಯದವರೂ ಇದ್ದಾರೆ), ಪರವಾನಗಿಯ ಅಗತ್ಯವಿಲ್ಲ. 2019ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಸಚಿವಾಲಯ ಇದನ್ನು ಹತ್ತು ವರ್ಷಗಳ ಅವಧಿಗೆ, 2029ರವರೆಗೆ, ನವೀಕರಿಸಿತು. ಒಂದು ಕುಲಕ್ಕೆ ಮಾತ್ರ ಇಂಥ ಸೌಲಭ್ಯ ಸಮಾನತೆಗೆ ವಿರುದ್ಧವೆಂದು ನಿವೃತ್ತ ಸೇನಾಧಿಕಾರಿಯೊಬ್ಬರು ಹೂಡಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ಅರ್ಜಿದಾರರ ಮಾತಿನಲ್ಲಿ ಹುರುಳಿಲ್ಲವೆನ್ನಲು ನಾವು ಸಿದ್ಧರಿಲ್ಲ. ರಾಜನಿಷ್ಠೆಗೆ ಸಂದ ಬಹುಮಾನವೊಂದು ಗಣರಾಜ್ಯದಲ್ಲಿ ಸಂಸ್ಕೃತಿಯ ಹೆಸರಿನಲ್ಲಿ ಉಳಿದುಕೊಂಡಿರುವುದು, ಅದೇ ಕಾಲದಲ್ಲಿ ನಿಷ್ಠೆ ತೋರದ ಬೇಡರಿಗೆ ಅಂಥ ಸಂಸ್ಕೃತಿಯ ಮಾನ್ಯತೆ ಎಂದೂ ದೊರೆಯದಿರುವುದು, ಇವೆರಡನ್ನೂ ಎದುರುಬದುರು ಇಟ್ಟರೆ ಕಾಯಿದೆಯ ಒಳಗಿನ ತರ್ಕ ಹೊರಬೀಳುತ್ತದೆ. ಆಯುಧದ ಅಗತ್ಯ ಯಾರಿಗಿದೆ ಎಂದು ಸರಕಾರ ಕೇಳಲಿಲ್ಲ. ಯಾರನ್ನು ನಂಬಬಹುದು ಎಂದು ಕೇಳಿತು.

1878ರ ಆಯುಧ ಕಾಯಿದೆ ಲಾರ್ಡ್ ಲಿಟ್ಟನ್ನನ ಕಾಲದ್ದು. ಯೂರೋಪಿಯನರಿಗೆ ವಿನಾಯಿತಿ ಕೊಟ್ಟು ಭಾರತೀಯರನ್ನು ಪರವಾನಗಿಗೆ ಕಟ್ಟಿಹಾಕಿದ ಆ ಕಾಯಿದೆ ರಾಷ್ಟ್ರೀಯ ಚಳುವಳಿಗೆ ದೊಡ್ಡ ದೂರಾಯಿತು. 1930ರಲ್ಲಿ ಗಾಂಧೀಜಿ ವೈಸರಾಯ್ ಇರ್ವಿನ್ನನ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿ ಕೊಡಬೇಕೆಂಬುದೂ ಒಂದು. ಅಹಿಂಸೆಯ ಪ್ರವರ್ತಕರ ಪಟ್ಟಿಯಲ್ಲಿ ಇದನ್ನು ಕಂಡು ಬೆರಗಾಗುವವರುಂಟು. ಕೈಯಲ್ಲಿ ಆಯುಧವಿದ್ದೂ ಎತ್ತದಿರುವುದಕ್ಕೂ, ಕಸಿದುಕೊಂಡದ್ದರಿಂದ ಎತ್ತದಿರುವುದಕ್ಕೂ ಇರುವ ಅಂತರವನ್ನು ನೆನೆದರೆ ಬೆರಗಿಗೆ ಕಾರಣವಿಲ್ಲ. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ ನಿಯಮಗಳಿಗೊಳಪಟ್ಟು ಆಯುಧ ಧರಿಸುವ ಹಕ್ಕು ಸೇರಿತ್ತು. ಈ ನಿರ್ಣಯವನ್ನು ಸಂವಿಧಾನ ಸಭೆಗೆ ನೆನಪಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು. 1948ರ ಡಿಸೆಂಬರ್ ಮೊದಲ ದಿನಗಳಲ್ಲಿ, ಮುಂದೆ 19ನೆಯ ಅನುಚ್ಛೇದವಾದ ಭಾಗ ಚರ್ಚೆಗೆ ಬಂದಾಗ, ಅವರು ಆ ಹಕ್ಕನ್ನು ಸೇರಿಸುವ ತಿದ್ದುಪಡಿ ಮಂಡಿಸಿದರು. ಪರಕೀಯರ ಆಳ್ವಿಕೆಯ ಕಾಲದ ಬೇಡಿಕೆ ಈಗ ಪ್ರಸ್ತುತವಲ್ಲ, ಎಲ್ಲರಿಗೂ ಹಕ್ಕೆಂದರೆ ದುಷ್ಟರಿಗೂ ಹಕ್ಕಾಗುತ್ತದೆ ಎಂಬುದು ಅಂಬೇಡ್ಕರರ ಉತ್ತರದ ಸಾರ. ತಿದ್ದುಪಡಿ ಬಿದ್ದುಹೋಯಿತು. 2023ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಪರವಾನಗಿಯಿಲ್ಲದ ಆಯುಧಗಳ ವಿಚಾರವನ್ನು ಕೈಗೆತ್ತಿಕೊಂಡು, ಅಮೆರಿಕದಲ್ಲಿರುವಂತೆ ಆಯುಧ ಹೊಂದುವ ಮೂಲಭೂತ ಹಕ್ಕು ನಮ್ಮಲ್ಲಿಲ್ಲವೆಂದು ಮತ್ತೆ ನೆನಪಿಸಿತು.

ಈಗ ಜಾರಿಯಲ್ಲಿರುವುದು 1959ರ ಕಾಯಿದೆ. 1962ರ ಅಕ್ಟೋಬರ್ 1ರಿಂದ ನಡೆಯುತ್ತಿದೆ. ಇದರ 13ನೆಯ ಕಲಮನ್ನು ಸಂಶೋಧಕರು ಗಮನವಿಟ್ಟು ಓದಬೇಕು. ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಮೈ ನುಣುಪಾದ ಬಂದೂಕನ್ನು ರಕ್ಷಣೆಗೆಂದೋ ಬೇಟೆಯಾಟಕ್ಕೆಂದೋ ಕೇಳಿದರೆ, ಅಥವಾ ಬೆಳೆ ಕಾಯಲು ಮದ್ದು ತುಂಬುವ ಹಳೆಯ ಬಗೆಯ ಕೋವಿಯನ್ನು ಕೇಳಿದರೆ, ಬೇರೆ ಅಡ್ಡಿಯಿಲ್ಲದಿದ್ದಲ್ಲಿ ಅಧಿಕಾರಿ ಪರವಾನಗಿ ಕೊಡತಕ್ಕದ್ದು. ಉಳಿದ ಆಯುಧಗಳಿಗಾದರೆ, ಅರ್ಜಿದಾರನಲ್ಲಿ ಸಮರ್ಪಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ರಿವಾಲ್ವರೂ ಪಿಸ್ತೂಲೂ ಬರುವುದು ಈ ಎರಡನೆಯ ಗುಂಪಿನಲ್ಲಿ. ಉದ್ದ ನಳಿಗೆಯದು ಹಳ್ಳಿಯ, ಹೊಲದ, ಕಾಡಂಚಿನ ಆಯುಧ. ಗಿಡ್ಡ ನಳಿಗೆಯದು ಪೇಟೆಯ, ಗಲ್ಲೆಪೆಟ್ಟಿಗೆಯ ಆಯುಧ. ಹಂದಿಯಿಂದ ಗದ್ದೆಯನ್ನು ಕಾಯುವ ರೈತ ತನ್ನ ಕಾರಣವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮನುಷ್ಯರಿಂದ ಹಣವನ್ನು ಕಾಯುವವನು ಆ ಮನುಷ್ಯರು ಯಾರು, ಭಯ ಎಂಥದು ಎಂದು ವಿವರಿಸಬೇಕು.

ಡೊಂಬಿವಲಿಯ ನಮ್ಮ ಪರಿಚಿತರ ಪ್ರಶ್ನೆ ಇಲ್ಲಿಗೆ ಬಂದು ನಿಲ್ಲುತ್ತದೆ. ಥಾಣೆ, ಕಲ್ಯಾಣ, ಡೊಂಬಿವಲಿಗಳು 1981ರಲ್ಲಿ ಸ್ಥಾಪಿತವಾದ ಥಾಣೆ ಪೊಲೀಸ್ ಆಯುಕ್ತಾಲಯದ ವ್ಯಾಪ್ತಿಯಲ್ಲಿವೆ. ನವಿ ಮುಂಬಯಿಗೆ 1994ರಿಂದ ಪ್ರತ್ಯೇಕ ಆಯುಕ್ತಾಲಯವಿದೆ. ಪರವಾನಗಿ ಕೊಡುವ ಅಧಿಕಾರ ಆಯಾ ಪೊಲೀಸ್ ಆಯುಕ್ತರದು. ಆಯುಕ್ತಾಲಯಗಳ ಹೊರಗಿನ ಗ್ರಾಮೀಣ ಭಾಗಕ್ಕೆ ಜಿಲ್ಲಾಧಿಕಾರಿಯದು. ಕಳವಾದಲ್ಲಿರುವವನು ಒಂದು ಕಚೇರಿಗೂ ನೆರೆಯ ಐರೋಲಿಯಲ್ಲಿರುವವನು ಇನ್ನೊಂದು ಕಚೇರಿಗೂ ಹೋಗಬೇಕು. ಮನೆ ಬದಲಿಸಿದರೆ ತಿಳಿಸಬೇಕು. 2016ರ ನಿಯಮಾವಳಿಯಂತೆ ಅರ್ಜಿ, ಗುರುತಿನ ಮತ್ತು ವಿಳಾಸದ ದಾಖಲೆಗಳು, ಆಯುಧ ಬಳಕೆಯ ತರಬೇತಿಯ ಪ್ರಮಾಣಪತ್ರ, ಮನೆಯಲ್ಲಿ ಭದ್ರವಾಗಿಡುವ ವ್ಯವಸ್ಥೆ, ಠಾಣೆಯಿಂದ ಪೂರ್ವಚರಿತ್ರೆಯ ವಿಚಾರಣೆ. ಇಷ್ಟಾದ ಮೇಲೆ ಅಂಗಡಿ. 1980ರ ದಶಕದ ಮಧ್ಯದಿಂದ ಜನಸಾಮಾನ್ಯರಿಗೆ ವಿದೇಶಿ ಆಯುಧಗಳ ಆಮದು ನಿಂತಿರುವುದರಿಂದ, ದೊರೆಯುವುದು ಬಹುಮಟ್ಟಿಗೆ ದೇಶದ ಕಾರ್ಖಾನೆಗಳಲ್ಲಿ ತಯಾರಾದ, ಸೇನೆ ಪೊಲೀಸರು ಬಳಸದ .32 ಅಳತೆಯ ರಿವಾಲ್ವರು ಅಥವಾ ಪಿಸ್ತೂಲು. 2014ರಲ್ಲಿ ಕಾನಪುರದ ಕಾರ್ಖಾನೆ ಮಹಿಳೆಯರನ್ನು ಉದ್ದೇಶಿಸಿ ತಂದ ‘ನಿರ್ಭೀಕ್’ ರಿವಾಲ್ವರಿನ ಬೆಲೆ ಒಂದೂಕಾಲು ಲಕ್ಷ ರೂಪಾಯಿಯ ಹತ್ತಿರವಿತ್ತು. 2025ರ ಸೆಪ್ಟೆಂಬರಿನಲ್ಲಿ ಸರಕು ಮತ್ತು ಸೇವಾ ತೆರಿಗೆಯ ದರಗಳನ್ನು ಪುನರ್ವಿಂಗಡಿಸಿದಾಗ ರಿವಾಲ್ವರು ಪಿಸ್ತೂಲುಗಳು ಪಾನ್ ಮಸಾಲ, ವಿಲಾಸದ ನೌಕೆಗಳೊಡನೆ 40 ಪ್ರತಿಶತದ ಪಟ್ಟಿಗೆ ಸೇರಿದವು. ಆತ್ಮರಕ್ಷಣೆಯ ಸಾಧನವೆಂದು ಕೊಂಡದ್ದನ್ನು ತೆರಿಗೆಯವರು ಚಟ ವಿಲಾಸಗಳ ಜತೆಗೆ ಲೆಕ್ಕಕ್ಕೆ ಹಿಡಿದರು.

ಕೊಂಡ ಮೇಲೆಯೂ ತೊಡಕು ಮುಗಿಯುವುದಿಲ್ಲ. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು, ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಇತರರ ಜೀವಕ್ಕೆ ಅಪಾಯ ತರುವಂತೆ ಸಂಭ್ರಮಕ್ಕಾಗಿ ಗುಂಡು ಹಾರಿಸುವುದನ್ನು ಅಪರಾಧವಾಗಿಸಿದ್ದೂ ಅದೇ ತಿದ್ದುಪಡಿ. ಅದೇ ವರ್ಷ ಕೊಡಗಿನ ವಿನಾಯಿತಿ ನವೀಕರಣಗೊಂಡದ್ದನ್ನು ಜೊತೆಗಿಟ್ಟು ಓದಬಹುದು. ಉಡುಪಿಗೋ ಕುಂದಾಪುರಕ್ಕೋ ಊರ ಕೋಲಕ್ಕೆಂದು ಹೋಗುವವರು ಇಡೀ ದೇಶದ ವ್ಯಾಪ್ತಿಯ ಅನುಮತಿಯನ್ನು ಬೇರೆಯಾಗಿ ಪಡೆಯದಿದ್ದರೆ, ಆಯುಧ ಮಹಾರಾಷ್ಟ್ರದ ಗಡಿಯೊಳಗೇ ಉಳಿಯಬೇಕು. ಚುನಾವಣೆ ಬಂದಿತೆಂದರೆ ಪರಿಶೀಲನಾ ಸಮಿತಿ ಕುಳಿತು ಯಾರ್ಯಾರು ಆಯುಧವನ್ನು ಠಾಣೆಗೆ ಒಪ್ಪಿಸಬೇಕೆಂದು ನಿರ್ಣಯಿಸುತ್ತದೆ. 2024ರಲ್ಲಿ ಥಾಣೆ ಕಲ್ಯಾಣ ಕ್ಷೇತ್ರಗಳಲ್ಲಿ ಮೇ 20ರಂದು ಲೋಕಸಭೆಗೆ, ನವೆಂಬರ್ 20ರಂದು ವಿಧಾನಸಭೆಗೆ ಮತದಾನ ನಡೆಯಿತು. ಸಮಿತಿ ಹೆಸರಿಸಿದವರ ಆಯುಧ ಒಂದೇ ವರ್ಷದಲ್ಲಿ ಎರಡು ಸಲ ಠಾಣೆಗೆ ಹೋಗಿ ರಸೀದಿಯಾಯಿತು. 1857ರಲ್ಲಿ ಹಲಗಲಿಯವರು ಒಪ್ಪದಿದ್ದುದು ಈ ಒಪ್ಪಿಸುವಿಕೆಯನ್ನೇ. ಈಗಿನದು ತಾತ್ಕಾಲಿಕ, ರಸೀದಿಯುಳ್ಳದ್ದು, ನ್ಯಾಯಾಲಯದ ಬಾಗಿಲು ತೆರೆದಿರುವಂಥದ್ದು. ಆ ಅಂತರವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ.

ಇಷ್ಟೆಲ್ಲ ಪಾಡು ಪಟ್ಟವನಿಗೆ ರಕ್ಷಣೆ ದೊರೆಯುವುದೇ? 1990ರ ದಶಕದಲ್ಲಿ ಮುಂಬಯಿಯ ಹೋಟೆಲು, ಬಾರುಗಳ ಮಾಲೀಕರಿಗೂ ಕಟ್ಟಡ ಕಟ್ಟಿಸುವವರಿಗೂ ಸುಲಿಗೆಗಾರರ ದೂರವಾಣಿ ಕರೆಗಳು ಬರುತ್ತಿದ್ದ ಕಾಲವನ್ನು ಅಲ್ಲಿನ ಕನ್ನಡಿಗರು ಮರೆತಿಲ್ಲ. 1999ರಲ್ಲಿ ಮಹಾರಾಷ್ಟ್ರ ಸಂಘಟಿತ ಅಪರಾಧಗಳ ವಿರುದ್ಧ ಪ್ರತ್ಯೇಕ ಕಾಯಿದೆ ತರಬೇಕಾಯಿತು. 2001ರ ಮೇ 4ರಂದು ಗಾಮದೇವಿಯಲ್ಲಿ ಹೋಟೆಲ್ ಮಾಲೀಕರೊಬ್ಬರನ್ನು ಅವರ ಹೋಟೆಲಿನೊಳಗೇ ಗುಂಡಿಟ್ಟು ಕೊಲ್ಲಲಾಯಿತು. ಬೆದರಿಕೆಯ ಕಾರಣ ಅವರಿಗೆ ಮೊದಲು ಪೊಲೀಸ್ ರಕ್ಷಣೆಯಿತ್ತು; ಕೊಲೆಯ ವೇಳೆಗೆ ಅದು ಇರಲಿಲ್ಲ. ಕೊಲ್ಲಲೆಂದೇ ಬಂದವರು ಮೊದಲ ಗುಂಡನ್ನು ತಾವೇ ಹಾರಿಸುತ್ತಾರೆ. ಗಲ್ಲೆಯ ಕೆಳಗೆ ಬೀಗ ಹಾಕಿಟ್ಟ ರಿವಾಲ್ವರು ಇಂಥಲ್ಲಿ ಉಪಯೋಗಕ್ಕೆ ಬರುವುದು ಬಹಳ ಅಪರೂಪವೆಂದೇ ನಮ್ಮ ಅಭಿಪ್ರಾಯ. ಇನ್ನು ಉಪಯೋಗಕ್ಕೆ ಬಂದಿತೆಂದೇ ಇಟ್ಟುಕೊಳ್ಳೋಣ. ಆತ್ಮರಕ್ಷಣೆಯ ಹಕ್ಕನ್ನು ಹಿಂದಿನ ದಂಡಸಂಹಿತೆಯಂತೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಮನ್ನಿಸುತ್ತದೆ. ಆದರೆ ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದಲ್ಲಿ ಆ ಹಕ್ಕಿಲ್ಲ, ಅಗತ್ಯಕ್ಕೆ ಮೀರಿದ ಹಾನಿಗೆ ಅದು ಅನ್ವಯಿಸದು. ಹಣದ ಚೀಲ ಕಿತ್ತುಕೊಂಡು ಓಡುವವನ ಬೆನ್ನಿಗೆ ಗುಂಡು ಹಾರಿಸಿದ ಹೋಟೆಲಿನವರು ಕಲ್ಯಾಣದ ನ್ಯಾಯಾಲಯದಲ್ಲಿ ಎಷ್ಟು ವರ್ಷ ನಿಲ್ಲಬೇಕಾದೀತೆಂಬುದನ್ನು ವಕೀಲರು ನಮಗಿಂತ ಚೆನ್ನಾಗಿ ಹೇಳಬಲ್ಲರು.

ಎದುರುವಾದವೂ ಇದೆ. ಪೊಲೀಸರು ಎಲ್ಲೆಡೆಯೂ ಇರಲಾರರು. ಒಂಟಿ ದಾರಿಯಲ್ಲಿ ನಡೆಯುವವನಿಗೆ ಕಾಯಿದೆಯ ಕಲಮು ಕವಚವಾಗದು. ಕಳ್ಳಪೇಟೆಯ ಕಟ್ಟಾ ಪಿಸ್ತೂಲು ಹಿಡಿದವನು ಯಾವ ಆಯುಕ್ತರ ಅನುಮತಿಯನ್ನೂ ಕೇಳುವುದಿಲ್ಲ. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಅದೇ ಪ್ರದೇಶದ ಇನ್ನೊಂದು ಘಟನೆ ಇದರ ಮಗ್ಗುಲಲ್ಲಿದೆ. 2024ರ ಫೆಬ್ರವರಿ 2ರಂದು ಉಲ್ಹಾಸನಗರದ ಹಿಲ್ ಲೈನ್ ಪೊಲೀಸ್ ಠಾಣೆಯೊಳಗೆ, ಅಧಿಕಾರಿಯ ಕೊಠಡಿಯಲ್ಲಿಯೇ, ಭೂಮಿಯ ವ್ಯಾಜ್ಯದ ನಡುವೆ ಶಾಸಕರೊಬ್ಬರು ರಾಜಕೀಯ ಎದುರಾಳಿಯ ಮೇಲೆ ಗುಂಡು ಹಾರಿಸಿದರೆಂಬ ಆರೋಪದ ಪ್ರಕರಣ ದಾಖಲಾಯಿತು. ಆ ಆಯುಧ ಪರವಾನಗಿಯುಳ್ಳದ್ದೆಂದು ವರದಿಯಾಯಿತು. ನಂಬಿಕೆಯ ಆಧಾರದಿಂದ ಪರವಾನಗಿ ಕೊಡುವ ಪದ್ಧತಿಯಲ್ಲಿ ಅದು ಯಾರಿಗೆ ಸುಲಭವಾಗಿ ದೊರೆಯುತ್ತದೆ ಎಂಬುದನ್ನು ಈ ಪ್ರಕರಣ ಯೋಚಿಸುವಂತೆ ಮಾಡುತ್ತದೆ.

ಪರಿಚಿತರಿಗೆ ನಾವು ಕೊಟ್ಟ ಉತ್ತರ ಬೇಡವೆಂಬುದೇ. ವೆಚ್ಚ, ಓಡಾಟ ಇವಷ್ಟೇ ಅದಕ್ಕೆ ಕಾರಣವಲ್ಲ. ಕೊಡಗಿನಲ್ಲಿ ಕೋವಿ ಬಾಳುವುದು ಅದನ್ನು ಅರಿತ ಮನೆಯೊಂದು, ಹಬ್ಬವೊಂದು, ಹಿರಿಯರ ಕಣ್ಣೊಂದು ಸುತ್ತ ಇರುವುದರಿಂದ. ಡೊಂಬಿವಲಿಯ ಎರಡು ಕೋಣೆಗಳ ಮನೆಯಲ್ಲಿ, ಶಾಲೆಗೆ ಹೋಗುವ ಮಕ್ಕಳ ನಡುವೆ, ಅದರ ಸುತ್ತ ಇರುವುದು ಒಂದು ಕಪಾಟು ಮತ್ತು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಒಂದು ಪುಸ್ತಕ. ಅವರು ಒಪ್ಪಿದಂತೆ ಕಾಣಲಿಲ್ಲ. ಹಣವನ್ನು ಹಗಲಲ್ಲೇ ಬ್ಯಾಂಕಿಗೆ ಕಟ್ಟುವ ಏರ್ಪಾಡು ಮಾಡಿಕೊಂಡಿರುವುದಾಗಿ ಆಮೇಲೆ ತಿಳಿಯಿತು.

ಸಂಶೋಧಕರ ಗಮನಕ್ಕೆ ಒಂದು ಸೂಕ್ಷ್ಮವನ್ನು ಇಲ್ಲಿ ಸೇರಿಸುವುದು ಅಗತ್ಯ. ಕೊಡಗಿನ ವಿನಾಯಿತಿ ಜಿಲ್ಲೆಯ ಗಡಿಗೆ ನಿಲ್ಲುವುದಿಲ್ಲ. ಅದು ವ್ಯಕ್ತಿಯನ್ನು ಹಿಂಬಾಲಿಸುತ್ತದೆ. ಆದರೆ ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಸಂಚರಿಸುವಾಗ ಇರಬಹುದಾದುದು ಒಂದು ರೈಫಲು ಮತ್ತು 100 ಗುಂಡುಗಳು, ಜೊತೆಗೆ ನುಣುಪು ನಳಿಗೆಯ ಒಂದು ಕೋವಿ ಮತ್ತು 500 ತೋಟೆಗಳು. ಇಲ್ಲವೇ ಅಂಥ ಎರಡು ಕೋವಿಗಳು. ಅಂದರೆ ಥಾಣೆಯಲ್ಲಿಯೋ ವಾಶಿಯಲ್ಲಿಯೋ ನೆಲೆಸಿದ ಕೊಡವ ಕುಟುಂಬವೊಂದು ಐನ್‌ಮನೆಯ ಕೋವಿಯನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಪಿಸ್ತೂಲು ಆ ಪಟ್ಟಿಯಲ್ಲಿಲ್ಲ. ಅದು ಬೇಕೆಂದರೆ ಅವರೂ ಆಯುಕ್ತರ ಕಚೇರಿಯಲ್ಲಿ ಹೋಟೆಲಿನವರ ಹಿಂದೆ ಸರದಿಯಲ್ಲಿ ನಿಲ್ಲಬೇಕು.